ತಿಂಗಳ ಊಟದ ಫಕ್ಕೀರವ್ವ

ಬ್ಯಾಡಗಿ ಮಾರುಕಟ್ಟೆಯ ಹಿಂದಿನ ಗೇಟಿನ ಎದುರು ಖಾನಾವಳಿ ನಡೆಸುತ್ತಿದ್ದ ಫಕ್ಕೀರವ್ವನನ್ನು ಎದುರಿಗೆ ಎಲ್ಲರೂ ಅಕ್ಕಾರು ಎನ್ನುತ್ತಿದ್ದರು. ಬೆನ್ನ ಹಿಂದೆ ಏನನ್ನುತ್ತಿದ್ದರು ಎಂಬುದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಅವಳ ಬಾಯಿ ಅಂಥದು. ಗಂಡ ಸತ್ತ ಮೇಲೆ ಮೋಟೆಬೆನ್ನೂರಿನಲ್ಲಿ ಮೈದುನರ ಮನೆಯ ಒಲೆ ಮುಂದೆ ಕೂತು ವರ್ಷಗಟ್ಟಲೆ ಬೇಯಿಸಿ ಹಾಕಿದವಳು. ಸಾರು ಚಲೋ ಆದರೆ ಮನೆತನದ ಹೆಸರು, ಉಪ್ಪು ಹೆಚ್ಚಾದರೆ ಇವಳ ಹೆಸರು. ಒಂದು ದಿನ ಎದ್ದು ಬಂದವಳೇ ತಗಡಿನ ಶೆಡ್ಡು ಹಿಡಿದು, ಮೊದಲು ಬೋರ್ಡು ಬರೆಸಿ ಆಮೇಲೆ ಒಲೆ ಹೂಡಿದಳು. ಬೋರ್ಡಿನ ಮೇಲೆ ಅವಳದೇ ಹೆಸರು, ರೊಕ್ಕದ ಗಲ್ಲೆಯ ಮೇಲೆ ಅವಳೇ.

"ಇನ್ನೊಬ್ಬರ ಒಲಿ ಮುಂದ ಹೆಸರಿಲ್ಲದ ಕೂಳು ಬೇಯಿಸೂದಕ್ಕಿಂತ ಬಾವಿ ಬೀಳೂದು ಪಾಡ" ಎನ್ನುತ್ತಿದ್ದಳು. ಆ ಬೋರ್ಡು ಇಳಿಯದಿದ್ದರೆ ಸಾಕು, ಬೇರೆ ಏನು ಹೋದರೂ ಅವಳಿಗೆ ಚಿಂತೆಯಿಲ್ಲ.

ದಲಾಲಿ ಅಂಗಡಿಯ ಗುಮಾಸ್ತರು, ಕೋಲ್ಡ್ ಸ್ಟೋರೇಜಿನ ಹುಡುಗರು, ಬ್ಯಾಂಕಿನವರು ಅವಳ ತಿಂಗಳ ಊಟದವರು. ಒಂದನೇ ತಾರೀಖಿಗೆ ರೊಕ್ಕ ಮುಂಗಡ. ಉಂಡರೂ ಅಷ್ಟೇ, ಉಣ್ಣದಿದ್ದರೂ ಅಷ್ಟೇ. ಖಾನಾವಳಿಯ ಲಾಭ ಇರುವುದು ಉಂಡವನಲ್ಲಿ ಅಲ್ಲ, ಊರಿಗೆ ಹೋದವನಲ್ಲಿ. ಕೋಲ್ಡ್ ಸ್ಟೋರೇಜಿನವನೊಬ್ಬ ತಾಯಿ ತೀರಿಕೊಂಡು ದಿನವಾರ ಮುಗಿಸಿ ಬಂದು, ಬಿಟ್ಟ ಊಟದ ರೊಕ್ಕ ಸ್ವಲ್ಪ ಮುರಿದುಕೊಳ್ಳಿರಿ ಎಂದ. "ನಿಮ್ಮವ್ವ ನನಗ ಹೇಳಿ ಸತ್ತಾಳೇನು?" ಎಂದಳು ಫಕ್ಕೀರವ್ವ. ಅವನು ತಲೆ ತಗ್ಗಿಸಿ ಉಂಡುಹೋದ. ಖಾನಾವಳಿ ಬಿಡಲಿಲ್ಲ, ಯಾಕೆಂದರೆ ರೊಟ್ಟಿ. ಹಾಳಾದ ಆ ರೊಟ್ಟಿಯ ರುಚಿಗೆ ಹಿರೇಕೆರೂರಿನಿಂದ ಬಂದ ರೈತರೂ ಹುಡುಕಿಕೊಂಡು ಬರುತ್ತಿದ್ದರು. ಬಡಿಯುವವಳು ಹಿಂದಿನ ಕೋಣೆಯ ಹುಸೇನಬಿ. ಹೊಗಳಿಕೆ ಬರುತ್ತಿದ್ದದ್ದು ಮುಂದೆ ಗಲ್ಲೆಯ ಮೇಲೆ ಕುಳಿತ ಫಕ್ಕೀರವ್ವನಿಗೆ. ಹುಸೇನಬಿಯನ್ನು ಯಾರು ಕಂಡಿದ್ದಾರೆ!

ಹಾವೇರಿಯ ಶಶಿಕಾಂತ ಬಂದದ್ದು ಮೆಣಸಿನಕಾಯಿ ಸುಗ್ಗಿಗೆ ಮೊದಲು. ಅವನದು 'ತಾಟು' ಅಂತ ಒಂದು ಆ್ಯಪು. ನಾಳೆ ಉಣ್ಣಲು ಬರುವವರು ಇಂದೇ ಫೋನಿನಲ್ಲಿ ಒತ್ತುವುದು, ಎಷ್ಟು ರೊಟ್ಟಿ ಬೇಕು ಅಂತ ಅದು ಫಕ್ಕೀರವ್ವನಿಗೆ ಹೇಳುವುದು, ಗಿರಾಕಿಗಳ ತಿಂಗಳ ರೊಕ್ಕ ಅದರಲ್ಲೇ ಬೀಳುವುದು. ರಾಣೆಬೆನ್ನೂರಿನ ಖಾನಾವಳಿಗಳೆಲ್ಲ ಹಾಕಿಸಿಕೊಂಡಿವೆ, ತಿಂಗಳಿಗಿಷ್ಟು ಬಾಡಿಗೆ ಎಂದ.

"ಒಮ್ಮೆ ರೊಕ್ಕ ತಗೊಂಡು ನನಗ ಕೊಟ್ಟುಬಿಡು. ತಿಂಗಳಾ ತಿಂಗಳಾ ಬಾಡಿಗಿ ಯಾವಂಗ?" ಎಂದಳು ಅವಳು.

"ಅಕ್ಕಾರ, ನೀವು ಗಿರಾಕಿಗೆ ಒಲಿ ಮಾರ್ತೀರೇನು? ಊಟ ಮಾರ್ತೀರಿ. ಒಲಿ, ಕೊಪ್ಪರಿಗಿ, ಕಟಗಿ ಎಲ್ಲಾ ನಿಮ್ಮ ಕಡೇನ ಇರ್ತಾವು. ನಂದೂ ಹಂಗ ಐತ್ರಿ. ಕಂಪ್ಯೂಟರು ನನ್ನ ಕಡೆ, ಕೆಟ್ರ ನಾನಾ ರಿಪೇರಿ ಮಾಡ್ತೇನಿ, ಹೊಸಾದು ಬಂದ್ರ ನಾನಾ ಹಾಕ್ತೇನಿ. ನೀವು ತಲಿಗಿಷ್ಟು ಅಂತ ತಿಂಗಳಿಗೆ ಕೊಡೂದು."

"ಎಷ್ಟ ಖಾನಾವಳಿಗೆ ಕೊಟ್ಟಿ?"

"ಭಾಳ ಅದಾವ್ರಿ. ಒಂದ ಸಲ ಬೇಯಿಸಿದ ಸಾರು ಅದು. ಎಷ್ಟ ಮಂದಿಗೆ ಬಡಿಸಿದ್ರೂ ತೀರೂದಿಲ್ಲ."

ಫಕ್ಕೀರವ್ವನಿಗೆ ಹೊಟ್ಟೆಕಿಚ್ಚು ಎದ್ದದ್ದು ಆಗಲೇ. ತೀರದ ಸಾರು! ಎಂಥ ದಂಧೆ ಕಂಡುಹಿಡಿದಾನ ಭಾಡ್ಯಾ! ಆದರೆ ಸುಗ್ಗಿ ಮುಗಿಯುವ ತನಕ ಬಾಡಿಗೆ ಬೇಡ ಎಂದಾಗ ಕಿಚ್ಚು ಆರಿತು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪಗೊಂದು.

ಖರೇ ಹೇಳಬೇಕೆಂದರೆ ಆ್ಯಪು ಕೆಲಸ ಮಾಡಿತು. ಮರುದಿನದ ರೊಟ್ಟಿಯ ಲೆಕ್ಕ ಹಿಂದಿನ ಸಂಜೆಯೇ ಕೈಗೆ ಬಂತು. ಉಳಿದ ರೊಟ್ಟಿ ದನಕ್ಕೆ ಹಾಕುವುದು ನಿಂತಿತು. ಇಷ್ಟು ಕಡಿಮೆ ಸಾಕಾದರೆ ಹುಸೇನಬಿಗೆ ಯಾಕೆ ಪಗಾರ ಎಂದು ಫಕ್ಕೀರವ್ವ ರೊಟ್ಟಿ ಒತ್ತುವ ಮಷಿನ್ನು ತರಿಸಿದಳು.

"ಅಕ್ಕಾರ, ಮುಂಜಾನಿ ಒಂದ ಹೊತ್ತರ ಬರ್ತೇನ್ರಿ," ಎಂದಳು ಹುಸೇನಬಿ. ಅವಳ ತಲೆಗೂದಲು ಬೆಳ್ಳಗಾದದ್ದು ಆ ಕೋಣೆಯಲ್ಲಿಯೇ.

"ಮಷಿನ್ನು ಚಾ ಕೇಳೂದಿಲ್ಲ. ನೀ ಕೇಳ್ತಿ," ಎಂದಳು ಫಕ್ಕೀರವ್ವ.

ಹುಸೇನಬಿ ಹಿಟ್ಟಿನ ಕೈ ಒರೆಸಿಕೊಂಡು ಹೋದಳು. ಮಷಿನ್ನಿನ ರೊಟ್ಟಿ ಕಂಡು ಗುಮಾಸ್ತರು ಗೊಣಗಿದರು. ಗೊಣಗಲಿ, ರೊಕ್ಕ ಮುಂಗಡ ಬಿದ್ದಿದೆ, ಎಲ್ಲಿಗೆ ಹೋಗ್ತಾರೆ ಎಂದು ಅವಳು ಗಲ್ಲೆಯ ಮೇಲೆ ಕಾಲು ಚಾಚಿದಳು.

ಪುಕ್ಕಟೆಯ ಅವಧಿ ಮುಗಿಯಿತು, ತಲೆಗಿಷ್ಟು ಎಂಬ ಬಾಡಿಗೆ ಶುರುವಾಯಿತು. ವರ್ಷ ಕಳೆಯುವುದರೊಳಗೆ ದರ ಏರಿತು, ಮುಂದಿನ ಸುಗ್ಗಿಯ ಹೊತ್ತಿಗೆ ಮತ್ತೊಮ್ಮೆ ಏರಿತು. ಫಕ್ಕೀರವ್ವ ಶಶಿಕಾಂತನಿಗೆ ಫೋನು ಮಾಡಿ ಅವನ ವಂಶವನ್ನೆಲ್ಲ ತೆಗೆದಳು.

"ಬ್ಯಾಡಾದ್ರ ಬಿಡ್ರಿ ಅಕ್ಕಾರ. ಯಾರೂ ಕೈ ಹಿಡದಿಲ್ಲ," ಎಂದ ಅವನು ಮೆತ್ತಗೆ.

ಬಿಟ್ಟಳು. ಹಟಮಾರಿ ಹೆಂಗಸು, ಇನ್ನೇನು ಮಾಡ್ತಾಳೆ? ಆ್ಯಪು ಇಲ್ಲದೆಯೂ ಖಾನಾವಳಿ ನಡೆದಿತ್ತು, ಇನ್ನೂ ನಡೆಯುತ್ತದೆ ಎಂದು ಒಂದನೇ ತಾರೀಖಿಗೆ ಕೊಪ್ಪರಿಗೆ ತುಂಬ ಸಾರು ಮಾಡಿದಳು. ಯಾರೂ ಬರಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಲಾರಿ ಡ್ರೈವರ್ ಒಬ್ಬ ಬಂದು ಉಂಡ, ಅಷ್ಟೇ.

ಆದದ್ದೇನೆಂದರೆ, ಗಿರಾಕಿಗಳು ಮುಂದಿನ ತಿಂಗಳ ರೊಕ್ಕವನ್ನು ಎಂದಿನಂತೆ ಆ್ಯಪಿಗೇ ಹಾಕಿಬಿಟ್ಟಿದ್ದರು. ಈ ಖಾನಾವಳಿ ಬಂದ್ ಆಗಿದೆ, ನಿಮ್ಮ ಊಟ ಬೇರೆ ಕಡೆಯಿಂದ ಡಬ್ಬಿಯಲ್ಲಿ ಅಂಗಡಿಗೇ ಬರುತ್ತದೆ ಎಂದಿತು ಅದು. ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರಿನ ಗದ್ದಲ. ಕುಂತಲ್ಲಿ ಡಬ್ಬಿ ಬಂದರೆ ಯಾವ ಗುಮಾಸ್ತ ಬಿಸಿಲಿಗೆ ಎದ್ದು ಬರುತ್ತಾನೆ?

ಫಕ್ಕೀರವ್ವ ಅವರಿಗೆಲ್ಲ ಫೋನು ಮಾಡಲು ಕೂತಳು. ಒಬ್ಬನ ನಂಬರೂ ಇಲ್ಲ. ನಂಬರು ಹಾಳಾಗಲಿ, ಹೆಸರೂ ಇಲ್ಲ. ಅವಳು ಗಿರಾಕಿಗಳನ್ನು ಗುರುತಿಟ್ಟದ್ದು ಉಣ್ಣುವ ತಾಟಿನಿಂದ: ಎಣ್ಣೀ ಬ್ಯಾಡನ್ನಾಂವ, ಮೊಸರಿಗೆ ಜಗಳ ತೆಗೆಯಾಂವ, ಅವ್ವ ಸತ್ತಾಂವ. ಹೆಸರು, ನಂಬರು ಎಲ್ಲ ಶಶಿಕಾಂತನ ಕಂಪ್ಯೂಟರಿನಲ್ಲಿತ್ತು. ನಾಲ್ಕು ದಿನ ಮಾರುಕಟ್ಟೆಯ ಗೇಟಿನಲ್ಲಿ ನಿಂತು ಹಮಾಲರನ್ನು ಕೇಳಿದಳು: "ತಮ್ಮಾ, ಎಣ್ಣೀ ಬ್ಯಾಡನ್ನಾಂವ ಒಬ್ಬ ಉದ್ದ ಅದಾನಲ್ಲ, ಯಾವ ಅಂಗಡ್ಯಾಗಿರ್ತಾನ?" ಹಮಾಲರು ಚೀಲ ಹೊತ್ತುಕೊಂಡೇ ನಕ್ಕರು. ಅವ್ವ ಸತ್ತವನು ಮಾತ್ರ ಕಣ್ಣಿಗೆ ಬಿದ್ದ. ಇವಳನ್ನು ನೋಡಿಯೂ ದಾಟಿಹೋದ.

ಕೊನೆಗೆ ಬಸ್ಸು ಹತ್ತಿ ಹಾವೇರಿಗೆ ಹೋದಳು. ಶಶಿಕಾಂತ ಎದ್ದು ನಿಂತ, ಕುಂದ್ರಿಸಿದ, ಚಾ ತರಿಸಿದ. ಜಗಳಾಡುವವರಿಗೆ ಇಷ್ಟು ಮರ್ಯಾದೆ ಕೊಟ್ಟರೆ ಜಗಳ ಎಲ್ಲಿಂದ ಆಡುವುದು?

"ನನ್ನ ಮಂದೀನ ನನಗ ತಿರುಗಿ ಕೊಡು. ಬಾಡಿಗಿ ಎಷ್ಟರ ಇರಲಿ, ಕೊಡ್ತೇನಿ."

"ಮಂದಿ ಈಗ ಡಬ್ಬಿಗೆ ರೂಢಿ ಆಗ್ಯಾರ್ರಿ. ಒಂದ ದಾರಿ ಐತಿ. ನೀವು ಡಬ್ಬಿಗೆ ಅಡಿಗಿ ಮಾಡಿ ಕಳಸ್ರಿ. ಅವರಾ ಗಿರಾಕಿ, ಅದಾ ಊಟ. ಡಬ್ಬಿ ಮ್ಯಾಲ ಹೆಸರು ತಾಟಿಂದು ಇರತೈತಿ. ರೊಟ್ಟಿ ಮಾತ್ರ ಕೈಲೆ ಬಡದದ್ದು ಬೇಕು. ಉಂಡಾವರು ರುಚಿ ನೋಡಿ ಫೋನಿನ್ಯಾಗ ಚುಕ್ಕಿ ಕೊಡ್ತಾರ. ಚುಕ್ಕಿ ಇಳೀತಂದ್ರ ಪಟ್ಟ್ಯಾಗಿಂದ ತಗೀತೇವಿ."

"ನನ್ನ ಬೋರ್ಡು?"

"ಬೋರ್ಡು ನೋಡಾಕ ಅಲ್ಲಿ ಯಾರ ಬರ್ತಾರ್ರಿ ಈಗ?"

ಮಾಡಿದ್ದುಣ್ಣೋ ಮಹರಾಯ ಅಂತಾರೆ. ಉಣ್ಣಲಿ ಎನ್ನುವುದು ಸುಲಭ, ಎದುರಿಗೆ ಕೂತು ನೋಡಬೇಕು. ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮರುದಿನದಿಂದ ಶೆಡ್ಡಿನ ಬಾಗಿಲು ಎಳೆದುಕೊಂಡು, ಒಳಗೆ ಕೂತು ಯಾರದೋ ಹೆಸರಿಗೆ ರೊಟ್ಟಿ ಬಡಿಯತೊಡಗಿದಳು.

ಬಡಿದು ಎಷ್ಟು ವರ್ಷವಾಗಿತ್ತೋ! ಅಂಚು ಹರಿಯುತ್ತಿತ್ತು, ನಡುವೆ ಹಸಿ ಉಳಿಯುತ್ತಿತ್ತು. ಫೋನಿನಲ್ಲಿ ಚುಕ್ಕಿಗಳು ದಿನದಿನಕ್ಕೆ ಉದುರಿದವು. ಒಬ್ಬ ಬರೆದಿದ್ದ: 'ಈ ರೊಟ್ಟಿ ಎಮ್ಮಿಗೆ ಹಾಕ್ರಿ. ನಮ್ಮ ಫಕ್ಕೀರವ್ವನ ರೊಟ್ಟಿ ತಿಂದಾವರಿಗೆ ಇದು ಗಂಟಲಾಗ ಇಳಿಯಂಗಿಲ್ಲ.' ಅದನ್ನು ಅವಳು ಮತ್ತೆ ಮತ್ತೆ ಓದಿದಳು. ಹಂಚಿನ ಮೇಲಿನ ರೊಟ್ಟಿ ಹತ್ತಿ ಹೊಗೆಯಾಡಿತು.

ಮಧ್ಯಾಹ್ನವೇ ಹುಸೇನಬಿಯನ್ನು ಹುಡುಕಿಕೊಂಡು ಹೋದಳು. ಅವಳು ಮಾರುಕಟ್ಟೆಯಾಚೆಯ ಗೋದಾಮಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕೂತಿದ್ದಳು. ಎದುರಿಗೆ ಕಡುಖಾರದ ಗುಂಟೂರು ಕಾಯಿಯ ಗುಡ್ಡೆ.

"ಹುಸೇನಬಿ, ನಡೀಯವ್ವಾ. ಪಗಾರ ಮುಂಗಡಾ ಕೊಡ್ತೇನಿ. ಈ ವಾರ ನೀ ಬರ್ಲಿಲ್ಲಂದ್ರ ನನ್ನ ತಗದಬಿಡ್ತಾರ."

ಹುಸೇನಬಿ ಎರಡೂ ಅಂಗೈ ಅರಳಿಸಿ ಮುಂದೆ ಹಿಡಿದಳು. ಕೆಂಪಗೆ ಬಾತು, ಚರ್ಮ ಸುಲಿದಿದ್ದವು.

"ಈ ಕೈಲೆ ಹಿಟ್ಟು ನಾದಿದ್ರ ಉಂಡಾಂವ ಬಾಯಿ ಬಾಯಿ ಬಡಕೋತಾನ್ರಿ. ತೊಳದ್ರ ಹೋಗೂ ಖಾರ ಅಲ್ಲ ಇದು. ರಾತ್ರಿ ಮಮ್ಮಗನ್ನ ಮುಟ್ಟಾಕೂ ಬರೂದಿಲ್ಲ ನನಗ."

"ನಾಲ್ಕ ದಿನ ಬಿಟ್ಟರ..."

"ನಾಲ್ಕ ದಿನ ಬಿಟ್ರ ನಾ ಏನ ತಿನ್ನಲಿ?" ಎಂದು ಹುಸೇನಬಿ ಮತ್ತೆ ಕಾಯಿಗೆ ಕೈ ಹಾಕಿದಳು.

ಫಕ್ಕೀರವ್ವ ಹೋಗಲಿಲ್ಲ. ಅಲ್ಲೇ ಗುಡ್ಡೆಯ ಪಕ್ಕ ಕೂತಳು. ಘಾಟಿಗೆ ಕೆಮ್ಮು ಬಂತು. ಅಷ್ಟರಲ್ಲಿ ಹೆಂಗಸರ ಕೆಲಸ ನೋಡಿಕೊಳ್ಳುವ ಮುಕಾದಮ ಬೀರಲಿಂಗಪ್ಪ ಆ ಕಡೆ ಬಂದು, ಹೊಸ ಮುಖ ಕಂಡು ನಿಂತ.

"ಈಕಿ ಯಾರಬೇ?" ಎಂದು ಹುಸೇನಬಿಯನ್ನು ಕೇಳಿದ.

ಹುಸೇನಬಿ ತಲೆ ಎತ್ತಲಿಲ್ಲ.

"ಯಾರೋ ಏನೋರಿ. ಕೆಲಸ ಕೇಳಾಕ ಬಂದಾಳ ಕಾಣತೈತಿ."