ಎರಡು ಕಣ್ಣಿನ ಅಂಪೈರು

ನಮ್ಮ ಕುಂದಾಪುರದ ಕಡೆ ಬರುವವನೂ ‘ಬತ್ತೆ’ ಎನ್ನುತ್ತಾನೆ, ಹೊರಟವನೂ ‘ಬತ್ತೆ’ ಎನ್ನುತ್ತಾನೆ. ಹೊರಡುವಾಗ ‘ಹೋತೆ’ ಎನ್ನಬಾರದಂತೆ, ಅಪಶಕುನ. ಈ ಒಳ್ಳೆಯ ಮಾತಿನಿಂದ ಹಾಳಾದವನು ಯಾರಾದರೂ ಇದ್ದರೆ ಅದು ನಾನೇ.

ಶಾಲಾ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಕ್ಕೆ ಇಬ್ಬರಾದರೂ ಅಂಪೈರುಗಳು ಬೇಕು. ಒಬ್ಬ ನಾನು, ತೆಕ್ಕಟ್ಟೆಯ ಪಿ.ಟಿ. ಮಾಸ್ಟ್ರು. ಇನ್ನೊಬ್ಬರು ಬ್ರಹ್ಮಾವರದ ಶೀನ ಮಾಸ್ಟ್ರು. ಮರುದಿನ ಬೈಂದೂರಿನಲ್ಲಿ ಫೈನಲ್ ಇದೆ ಎಂದು ಫೋನ್ ಮಾಡಿದೆ. ‘ಆಯ್ತ್, ಬತ್ತೆ’ ಎಂದರು. ಬರುತ್ತಾರೆಂದು ನಾನು ತಿಳಿದೆ. ಆ ಪುಣ್ಯಾತ್ಮರು ಫೋನಿನಿಂದ ಹೊರಟದ್ದಂತೆ!

ಹೀಗೆ ಮೈದಾನಕ್ಕೆಲ್ಲ ನಾನೊಬ್ಬನೇ. ಕ್ಯಾಚರ್ ಹುಡುಗಿಯ ಬೆನ್ನ ಹಿಂದೆ ಬಗ್ಗಿ ನಿಂತು ಎಸೆತ ನೋಡಬೇಕು; ಚೆಂಡಿಗೆ ಪೆಟ್ಟು ಬಿದ್ದೊಡನೆ, ಬೇಸಿಗೆ ಹುಡುಗಿ ಮೊದಲೋ ಚೆಂಡು ಮೊದಲೋ ಎಂದು ನೋಡಲು ಈ ಹೊಟ್ಟೆಯನ್ನೂ ಕಟ್ಟಿಕೊಂಡು ಅತ್ತ ಓಡಬೇಕು. ನಾಲ್ಕು ಮುಖ ಇರುವುದು ಬ್ರಹ್ಮನಿಗೆ. ಅವನನ್ನು ಅಂಪೈರ್ ಮಾಡಿದವರಿಲ್ಲ.

ಮೊದಲ ಇನ್ನಿಂಗ್ಸಿನಲ್ಲಿ ಓಡಲಿಲ್ಲ. ಇದ್ದಲ್ಲಿಂದಲೇ ಉಪ್ಪುಂದದ ಶ್ರಾವ್ಯಾಳಿಗೆ ಔಟ್ ಕೊಟ್ಟೆ. ಸರಿಯಾದ ಔಟೇ, ಪ್ರಮಾಣ ಬೇಕಾದರೂ ಮಾಡುತ್ತೇನೆ. ಆದರೆ ಮೀನು ಮಾರಾಟ ಬೇಗ ಮುಗಿಸಿ ಮಗಳ ಆಟ ನೋಡಲು ಬಂದಿದ್ದ ಅವಳ ತಾಯಿ ಬಿಡಬೇಕಲ್ಲ.

“ಹ್ವಾಯ್ ಮಾಸ್ಟ್ರೇ, ಅಲ್ಲಿಂದ ಎಂತ ಕಂಡ್ತ್ ನಿಮ್ಗೆ?”

ಸುತ್ತಲಿನವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೂ ಆ ಹೆಂಗಸು ಕೇಳಿದ್ದು ನ್ಯಾಯವೇ. ದೂರದಿಂದ ಕೊಟ್ಟರೆ ಅದು ನನ್ನ ಅಭಿಪ್ರಾಯ, ಹತ್ತಿರ ನಿಂತು ಕೊಟ್ಟರೆ ಮಾತ್ರ ತೀರ್ಪು. ಕಣ್ಣು ಅವೇ, ಆಟವೂ ಅದೇ. ಜನ ನಂಬುವುದು ಮಾತ್ರ ಕಾಲನ್ನು. ಶೀನ ಮಾಸ್ಟ್ರಿಗೆ ಮನಸಾರೆ ಶಾಪ ಹಾಕುತ್ತ ಆಮೇಲೆ ಪ್ರತಿ ಪೆಟ್ಟಿಗೂ ಓಡಿದೆ. ನೀರು ಕುಡಿಯುವ ಆತುರಕ್ಕೆ ಅರ್ಧ ನೀರು ಅಂಗಿಗೆ ಹೋಯಿತು. ಈ ವಯಸ್ಸಿನಲ್ಲಿ ಇದೆಲ್ಲ ಯಾರಿಗೆ ಬೇಕಿತ್ತು, ಹೇಳಿ.

ಕೊನೆಯ ಇನ್ನಿಂಗ್ಸ್. ಉಪ್ಪುಂದದವರಿಗೆ ಸಮ ಮಾಡಲು ಒಂದು ರನ್ ಬೇಕು. ಇನ್ನೊಬ್ಬಳು ಔಟಾದರೆ ಆಟ ಮುಗಿಯಿತು, ಜಿಲ್ಲಾ ಮಟ್ಟಕ್ಕೆ ಎದುರಿನವರು. ಬ್ಯಾಟ್ ಹಿಡಿದವಳು ಶ್ರಾವ್ಯಾ. ಚೆನ್ನಾಗಿಯೇ ಬಾರಿಸಿದಳು. ಮೊದಲ ಬೇಸು ದಾಟಿದಳು, ಎರಡನೆಯದನ್ನೂ ದಾಟಿದಳು. ಅಲ್ಲಿ ನಿಲ್ಲಬಹುದಿತ್ತು, ನಿಲ್ಲಲಿಲ್ಲ. ನಾನು ಜೀವ ಬಾಯಿಗೆ ಬಂದವನಂತೆ ಮೂರನೆಯದರತ್ತ ಓಡಿದೆ. ಮಣ್ಣಿನಲ್ಲಿ ಜಾರಿ ಬಂದ ಅವಳ ಪಾದ ಬೇಸಿಗೆ ತಾಗಲು ಬೆರಳಷ್ಟು ದೂರ ಇರುವಾಗ, ಎದುರಿನವಳ ಚೆಂಡು ಹಿಡಿದ ಕೈಗವಸು ಮೊಣಕಾಲಿಗೆ ಮುಟ್ಟಿತು. ಕಣ್ಣೆದುರೇ ಮುಟ್ಟಿತು. ಅಯ್ಯೋ ಎನಿಸಿತು, ಆದರೂ ಕೈ ಎತ್ತಿದೆ. ಔಟ್.

ತಾಯಿ ದಡದಡ ಬಂದರು, ಹಿಂದೆಯೇ ಉಪ್ಪುಂದ ಶಾಲೆಯ ಮಾಸ್ಟ್ರು. ನಾನು ಬೇಸಿನ ಪಕ್ಕದಲ್ಲೇ ಬಗ್ಗಿ ಏದುಸಿರು ಬಿಡುತ್ತಿದ್ದೆ. ಅದನ್ನು ನೋಡಿ ಇಬ್ಬರೂ ಅರ್ಧದಲ್ಲೇ ನಿಂತರು. ಎಲ್ಲರೂ ಹುಡುಗಿಯ ಮುಖ ನೋಡಿದರು. ಅವಳು ಎದ್ದು ಚಿಕ್ಕ ಮಕ್ಕಳ ಹಾಗೆ ತೋಳಿನಿಂದಲೇ ಮೂಗು ಒರೆಸಿಕೊಂಡಳು. ಔಟಲ್ಲ ಎನ್ನಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನೇ ಕೇಳಿದಳು:

“ಸರ್, ನೀವ್ ಚೂರ್ ನಿಧಾನ ಬಪ್ಪುಕೆ ಆತಿರ್ಲಿಲ್ಯಾ?”