ತಗಡಿನ ಮನೆಗೆ ತರಿಸಿದ ಸ್ಪೀಕರು

ಬಂಗಾರಪೇಟೆಯ ಒಂದು ಸ್ಪೀಕರ್ ಅಂಗಡಿಯಲ್ಲಿ ನಾನು ಮೂರು ಭಾನುವಾರ ಕೂತು ಹಾಡು ಕೇಳಿದ್ದೇನೆ. ನನ್ನನ್ನು ಕಂಡ ಕೂಡಲೇ ಅಂಗಡಿಯವರು ಸ್ಪೀಕರುಗಳ ಎದುರಿಗೆ ಕುರ್ಚಿ ಎಳೆದು, ಒರೆಸಿ, "ಕೂತ್ಕಳಿ ಸಾ" ಅನ್ನುತ್ತಿದ್ದರು. ದುಬಾರಿಯ ದೊಡ್ಡ ಜೋಡಿಯೇ ಬೇಕೆಂದಾಗ ಮಾತ್ರ ತಡೆದರು.

"ನಿಮ್ದು ಮೈಸೂರು ಮೈನ್ಸ್ ಲೈನ್ ಮನೆ, ಗಣಿ ಕೆಲ್ಸದೋರ್ಗೆ ಸಾಲಾಗಿ ಕಟ್ಟಿದ್ದು, ಮೇಲೆ ತಗಡು. ಬಂದು ಒಂದ್ಸಲ ಮನೆ ನೋಡ್ತೀನಿ. ಆಮೇಲೆ ಯಾವ್ದು ಆಗ್ತದೆ ನೋಡಾಣ."

ನಾನು ಕಾಯಲಿಲ್ಲ. ಮನೆಗೆ ಹೋಗುವ ಮಾರಿಕುಪ್ಪಂ ರೈಲಿನಲ್ಲಿ ಕೂತು, ಅದೇ ಜೋಡಿಯನ್ನು ಫೋನಿನಲ್ಲಿ ಕಡಿಮೆಗೆ ಆರ್ಡರ್ ಮಾಡಿದೆ.

ಪೆಟ್ಟಿಗೆ ಬಂತು. ಮೊದಲ ಹಾಡಿಗೇ ಮೇಲಿನ ತಗಡೆಲ್ಲ ಗಲಗಲ ಅಂದಿತು. "ಸ್ಪೀಕರ್‌ಗಿಂತ ನಮ್ ತಗಡೇ ಜೋರು ಕಣ್ರೀ" ಎಂದು ಹೆಂಡತಿ ನಕ್ಕಳು. ಬಳಸಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಆನ್‌ಲೈನಿನಲ್ಲಿ ಮಾರಿದವರು ತಿಳಿಸಿದರು.

ಮುಂದಿನ ಭಾನುವಾರ ಅಂಗಡಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ, ಮನೆಗೊಮ್ಮೆ ಬಂದು ನೋಡಿ ಎಂದು ಕೇಳಿಕೊಂಡೆ.

"ಕೇಳಕ್ಕೆ ನಮ್ಮಂಗ್ಡಿ, ಕೊಳ್ಳಕ್ಕೆ ಫೋನು. ಈಗ ತಗಡು ಬಿಗಿಯಕ್ಕೆ ನಾನಾ ಸಾ?"

ದನಿಯಲ್ಲಿ ಸಿಟ್ಟೂ ಇರಲಿಲ್ಲ. ಕುರ್ಚಿ ಅಲ್ಲೇ ಖಾಲಿ ಇತ್ತು. ಕೂತುಕೊಳ್ಳಿ ಅನ್ನಲಿಲ್ಲ ಅವರು. ರೈಲಿಗೆ ಹೊತ್ತಾಯಿತೆಂದು ನಾನೇ ಸುಳ್ಳು ಹೇಳಿ ಹೊರಬಂದೆ.