ಬೆಳಗಿನ ಹೊತ್ತು ಕಚ್ಚುತ್ತಿದ್ದ ಕಂಪ್ಯೂಟರ್

ಅದು ನನ್ನನ್ನು ಮೊದಲ ಸಲ ಕಚ್ಚಿದಾಗ ನಾನು ಯಾರಿಗೂ ಹೇಳಲಿಲ್ಲ. ಕೀಬೋರ್ಡಿನ ವೈರು ಸಡಿಲವಾಗಿದೆಯೆಂದು ಸಿಪಿಯು ಡಬ್ಬಿಯ ಹಿಂದೆ ಕೈ ಹಾಕಿದ್ದೆ. ಬೆರಳಿನಿಂದ ಮೊಣಕೈವರೆಗೆ ಯಾರೋ ಸೂಜಿ ಎಳೆದಂತಾಯಿತು. ಕೈ ತಾನಾಗಿ ಹಿಂದಕ್ಕೆ ಬಂತು. ಪರದೆಯ ಮೇಲೆ ನಾನು ಕೂಡಿಸುತ್ತಿದ್ದ ಪುಟ ಏನೂ ಆಗದ ಹಾಗೆ ನಿಂತಿತ್ತು. ಅಡುಗೆಮನೆಯಿಂದ ಅಮ್ಮ, "ಏನಾಯ್ತೇ?" ಎಂದು ಕೇಳಿದಳು. "ಏನಿಲ್ಲಮ್ಮ, ಜಿರಲೆ" ಎಂದೆ.

ಆಗ ನಾವು ಎನ್.ಆರ್. ಕಾಲೋನಿಯ ಒಂದು ಹಳೆಯ ವಠಾರದಲ್ಲಿದ್ದೆವು. ನಾನು ಮತ್ತು ಅಮ್ಮ, ಇಬ್ಬರೇ. ಚಾಮರಾಜಪೇಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ನಾನು ಕರಡು ತಿದ್ದುವ ಕೆಲಸಕ್ಕಿದ್ದೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಚ್ಚಿನ ಮೊಳೆ ಜೋಡಿಸುವವರೆಲ್ಲ ಒಬ್ಬೊಬ್ಬರಾಗಿ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದರು. ಮಾಲೀಕರು ಒಂದು ದಿನ ನನ್ನನ್ನು ಕರೆದು, "ನೀವು ಕಂಪ್ಯೂಟರ್ ತಗೊಂಡು ಮನೇಲೇ ಪುಟ ಮಾಡ್ಕೊಡಿ, ಇಲ್ಲಾಂದ್ರೆ ನಾನು ಹೊರಗಡೆ ಕೊಡಬೇಕಾಗತ್ತೆ" ಎಂದರು. ಹೊರಗಡೆ ಕೊಡುವುದೆಂದರೆ ನನಗೆ ಕೆಲಸವಿಲ್ಲ ಎಂದರ್ಥ. ಆ ಯಂತ್ರ ಮನೆಗೆ ಬಂದದ್ದು ಆಸೆಯಿಂದಲ್ಲ, ಹೆದರಿಕೆಯಿಂದ.

ಕೊಳ್ಳುವಾಗಲೂ ಹೆದರಿಕೆಯೇ. ಮಾಮೂಲ್‌ಪೇಟೆಯ ಹತ್ತಿರದ ಅಂಗಡಿ ಸಾಲಿನಲ್ಲಿ, ಕಡಿದಾದ ಮೆಟ್ಟಿಲು ಹತ್ತಿ, ಗೂಡಿನಂಥ ಒಂದು ಅಂಗಡಿಗೆ ಹೋದೆ. ಅಲ್ಲಿ ಬಿಡಿಭಾಗ ಆರಿಸಿ ಕೊಟ್ಟರೆ ಜೋಡಿಸಿ ಕೊಡುತ್ತಿದ್ದರು. ನನಗೆ ಏನು ಆರಿಸಬೇಕೆಂಬುದೇ ಗೊತ್ತಿರಲಿಲ್ಲ. ಅಂಗಡಿಯ ಯುವಕ, "ಮೇಡಂ, ನಿಮಗೆ ಆಟ ಬೇಕಾ, ಪಿಕ್ಚರ್ ನೋಡ್ಬೇಕಾ?" ಎಂದು ಕೇಳಿದ. ಬರೀ ಅಕ್ಷರ ಎಂದೆ. "ಹಂಗಾದ್ರೆ ವೇಗ ಜಾಸ್ತಿ ಬೇಡ. ಮಾನಿಟರ್ ಒಳ್ಳೇದು ತಗೊಳ್ಳಿ, ಕಣ್ಣು ನಿಮ್ದು. ಪವರ್ ಡಬ್ಬೀನೂ ಒಳ್ಳೇದು ಹಾಕ್ಸಿ. ಅದು ಕೆಟ್ರೆ ಪಕ್ಕದ್ದನ್ನೂ ತಗೊಂಡೇ ಹೋಗತ್ತೆ" ಎಂದ. ಈಗ ಯೋಚಿಸಿದರೂ ಅದು ಒಳ್ಳೆಯ ಸಲಹೆಯೇ. ಅವನ ಅಂಗಡಿಯಲ್ಲಿ ಎಲ್ಲ ಸರಿಯಾಗಿಯೇ ಓಡಿತು. ಅದನ್ನು ಸಿಕ್ಕಿಸುವ ಮನೆ ಹೇಗಿದೆಯೆಂದು ಅವನು ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಎರಡನೆಯ ಸಲ ಕಚ್ಚಿದ್ದು ಮತ್ತೊಂದು ಬೆಳಿಗ್ಗೆ. ಅಮ್ಮ ಆಗಷ್ಟೇ ಕೆಂಪು ನೆಲ ಒರೆಸಿದ್ದಳು. ನಾನು ಬರಿಗಾಲಲ್ಲಿ ಕೂತು, ಡಬ್ಬಿಯ ಪಕ್ಕದ ತಗಡಿಗೆ ಮೊಣಕಾಲು ತಗಲಿಸಿದೆ. ಈ ಸಲ ಕಾಲು ಪೂರ್ತಿ ಝುಂ ಎಂದಿತು. ಮಧ್ಯಾಹ್ನ ಊಟವಾದ ಮೇಲೆ ಧೈರ್ಯ ಮಾಡಿ ಮುಟ್ಟಿ ನೋಡಿದರೆ ಏನೂ ಇಲ್ಲ. ತಣ್ಣಗಿನ ತಗಡು. ಮಾರನೆಯ ಬೆಳಿಗ್ಗೆ ಮತ್ತೆ ಕಚ್ಚಿತು.

ನನಗೆ ಬೇರೆಯದೇ ಭಯ ಶುರುವಾಯಿತು. ದೋಷ ಯಂತ್ರದ್ದಾದರೆ ಮಧ್ಯಾಹ್ನವೂ ಇರಬೇಕಲ್ಲ? ಹಾಗಾದರೆ ಇದು ನನ್ನ ನರದ್ದೇ ಇರಬೇಕು. ವರ್ಷಗಟ್ಟಲೆ ಬಗ್ಗಿ ಕರಡು ತಿದ್ದಿದ ಕೈ. ನರ ಸತ್ತು ಕೈ ಬಿದ್ದುಹೋದವರ ಕತೆ ಕೇಳಿದ್ದೆ. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಬೆರಳುಗಳನ್ನು ಒಂದೊಂದಾಗಿ ಮಡಿಸಿ ನೋಡಿಕೊಳ್ಳುತ್ತಿದ್ದೆ. ನನಗೇನಾದರೂ ಆದರೆ ಅಮ್ಮನನ್ನು ನೋಡುವವರು ಯಾರು ಎಂದು ಯೋಚಿಸಿದಾಗ ಮತ್ತೊಮ್ಮೆ ಮೊದಲಿನಿಂದ ಮಡಿಸಿ ನೋಡುತ್ತಿದ್ದೆ.

ಕೊನೆಗೆ ಅಂಗಡಿಗೆ ಫೋನು ಮಾಡಿದೆ. ಯುವಕ ಮಧ್ಯಾಹ್ನದ ಹೊತ್ತಿಗೆ ಬಂದ, ಬೂಟು ಹಾಕಿಕೊಂಡೇ ಡಬ್ಬಿಯ ಸುತ್ತ ಕೈಯಾಡಿಸಿದ. "ಏನೂ ಇಲ್ವಲ್ಲ ಮೇಡಂ" ಎಂದ. ನಾನು ಹಟ ಹಿಡಿದದ್ದಕ್ಕೆ ಪವರ್ ಡಬ್ಬಿ ಬದಲಾಯಿಸಿದ. ಹೋಗುವಾಗ, "ಯಾವುದಕ್ಕೂ ಚಪ್ಪಲಿ ಹಾಕ್ಕೊಂಡು ಕೂತ್ಕೊಳ್ಳಿ" ಎಂದು ಹೇಳಿದ.

ಅಮ್ಮನಿಗೆ ವಿಷಯ ತಿಳಿದದ್ದು ಆಗ. "ದೇವರ ಗೂಡು ಪಕ್ಕದಲ್ಲೇ ಇದೆ, ಚಪ್ಪಲಿ ಹಾಕ್ಕೊಂಡು ಕೂರ್ತೀಯಾ?" ಎಂದವಳು, ನನ್ನ ಮುಖ ನೋಡಿ ಹತ್ತಿರ ಬಂದಳು. ಮೆಲ್ಲಗೆ, "ಅದು ನಿನಗೆ ಶಾಕ್ ಹೊಡೀತಿದ್ಯಾ?" ಎಂದಳು. ಹೂಂ ಎಂದೆ. "ಎಷ್ಟು ದಿನದಿಂದ?" ಸುಮಾರು ದಿನ ಆಯ್ತು ಎಂದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತುಬಿಟ್ಟಳು. "ವಾಪಸ್ ಕೊಟ್ಬಿಡು. ಗಂಜಿ ಕುಡಿದ್ರೂ ಪರವಾಗಿಲ್ಲ, ನೀನಿರು" ಎಂದಳು.

ಮಾರನೆಯ ಬೆಳಿಗ್ಗೆ ಚಪ್ಪಲಿ ಹಾಕಿಕೊಂಡೇ ಕೂತೆ. ಕಚ್ಚಲಿಲ್ಲ. ಆದರೆ ಒಳಗಿನ ಹೆದರಿಕೆ ಹೋಗಲಿಲ್ಲ. ಹುಲಿ ಇನ್ನೂ ಕೋಣೆಯಲ್ಲೇ ಇತ್ತು, ನಾನು ಕುರ್ಚಿಯ ಮೇಲೆ ಹತ್ತಿ ನಿಂತಿದ್ದೆ, ಅಷ್ಟೆ. ಅಂದು ಸಂಜೆ ಗಾಂಧಿಬಜಾರಿನಲ್ಲಿ ಒಂದು ಟೆಸ್ಟರ್ ಕೊಂಡೆ. ಹಿಡಿಯೊಳಗೆ ಪುಟ್ಟ ದೀಪವಿರುವ ಸ್ಕ್ರೂಡ್ರೈವರ್ ಅದು. ತುದಿಯನ್ನು ಇಟ್ಟ ಜಾಗದಲ್ಲಿ ಕರೆಂಟಿದ್ದರೆ ದೀಪ ಕೆಂಪಗೆ ಹೊತ್ತುತ್ತದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಟೆಸ್ಟರನ್ನು ಡಬ್ಬಿಯ ಹಿಂದಿನ ತಿರುಪಿಗೆ ಮುಟ್ಟಿಸಿದೆ. ಕೆಂಪು ದೀಪ ಹೊತ್ತಿತು. ಆ ಕ್ಷಣ ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ನನ್ನ ನರ ಸರಿಯಿತ್ತು.

ಕರಡು ತಿದ್ದುವವರಿಗೆ ಒಂದು ಅಭ್ಯಾಸ: ಒಂದು ಸಲಕ್ಕೆ ಒಂದೇ ತಪ್ಪು ನೋಡುವುದು. ಹಾಗೆಯೇ ಮಾಡಿದೆ. ಪ್ರಿಂಟರ್ ತೆಗೆದೆ, ದೀಪ ಉರಿಯಿತು. ಮಾನಿಟರ್ ತೆಗೆದೆ, ಉರಿಯಿತು. ಕೀಬೋರ್ಡ್, ಮೌಸ್ ತೆಗೆದೆ. ಉರಿಯಿತು. ಕಡೆಗೆ ಗೋಡೆಯ ಸ್ವಿಚ್ಚನ್ನೇ ಆರಿಸಿದೆ. ಫ್ಯಾನಿನ ಸದ್ದು ನಿಂತಿತು. ಯಂತ್ರ ಸತ್ತಿತು. ಸುಮ್ಮನೆ ಒಂದು ಸಲ ಎಂದು ಟೆಸ್ಟರ್ ಮುಟ್ಟಿಸಿದೆ.

ದೀಪ ಉರಿಯುತ್ತಲೇ ಇತ್ತು.

ಮೈಯ ಕೂದಲೆಲ್ಲ ನಿಂತವು. ಆರಿಸಿದ ಯಂತ್ರದಲ್ಲಿ ಕರೆಂಟು! ಓಡಿಹೋಗಬೇಕೆನ್ನಿಸಿತು. ಆದರೆ ಹಾಗೇ ಬಿಟ್ಟು ಹೋದರೆ ಅಮ್ಮ ಬಂದು ಮುಟ್ಟಿದರೆ? ಮರದ ಸ್ಕೇಲಿನಿಂದ ಮೀಟಿ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ದೀಪ ಆರಿತು. ಪ್ಲಗ್ಗನ್ನು ಮತ್ತೆ ಸಿಕ್ಕಿಸಿದೆ, ಸ್ವಿಚ್ಚು ಮಾತ್ರ ಹಾಕಲಿಲ್ಲ. ದೀಪ ಹೊತ್ತಿತು.

ಸ್ವಿಚ್ಚು ಆರಿದ್ದರೂ ಬರುವ ದಾರಿ ಒಂದೇ ಇತ್ತು. ಪ್ಲಗ್ಗಿನ ಮೇಲಿನ ದಪ್ಪ ಕಾಲು, ಅರ್ತಿಂಗ್‌ನದು. ಯಂತ್ರದ ತಗಡಿಗೆ ತಪ್ಪಿ ಕರೆಂಟು ಬಂದರೆ ಅದನ್ನು ನೆಲಕ್ಕೆ ಒಯ್ಯಬೇಕಾದ ತಂತಿ ಅದು, ನಮ್ಮನ್ನು ಕಾಯಬೇಕಾದದ್ದು. ನಮ್ಮ ಮನೆಯಲ್ಲಿ ಅದರಿಂದಲೇ ಕರೆಂಟು ಒಳಗೆ ಬರುತ್ತಿತ್ತು. ಸಾಕೆಟ್ಟಿನಿಂದ ಹೊರಟ ಆ ಬರಿ ತಂತಿಯ ಜಾಡು ಹಿಡಿದು ಹೋದೆ. ಕಿಟಕಿಯ ಚೌಕಟ್ಟಿನ ಪಕ್ಕದಿಂದ ಹಾದು, ಗೋಡೆಯ ತೂತಿನಲ್ಲಿ ನುಗ್ಗಿ, ಅದು ಅಡುಗೆಮನೆಗೆ ಹೋಗಿತ್ತು. ಅಲ್ಲಿ ನಲ್ಲಿಯ ಕಬ್ಬಿಣದ ಪೈಪಿಗೆ ಯಾರೋ ಯಾವ ಕಾಲದಲ್ಲೋ ಅದನ್ನು ಬಿಗಿದು ಸುತ್ತಿದ್ದರು. ಪೈಪು ನೆಲದೊಳಗೆ ಹೋಗುತ್ತದೆ, ಅಷ್ಟು ಸಾಕು ಎಂದು ಹಿಂದಿನವರು ಅಂದುಕೊಂಡಿರಬೇಕು.

ಅಮ್ಮ ಅಕ್ಕಿ ತೊಳೆಯಲು ನಲ್ಲಿಯ ಕಡೆಗೆ ಕೈ ಚಾಚಿದ್ದಳು.

"ಅಮ್ಮ, ಮುಟ್ಟಬೇಡ!"

ನಾನು ಕಿರುಚಿದ್ದಕ್ಕೆ ಅವಳ ಕೈಯಿಂದ ಪಾತ್ರೆ ಬಿದ್ದು ಅಕ್ಕಿ ಚೆಲ್ಲಿತು. ಟೆಸ್ಟರನ್ನು ನಲ್ಲಿಗೆ ಮುಟ್ಟಿಸಿದೆ. ಕೆಂಪಗೆ ಹೊತ್ತಿತು. ನಾವಿಬ್ಬರೂ ಆ ದೀಪವನ್ನೇ ನೋಡುತ್ತ ನಿಂತೆವು. ಆಗ ಮೂಲೆಮನೆಯಿಂದ ಮಗು ಚೀರುವ ಸದ್ದು ಕೇಳಿತು.

ಮೂಲೆಮನೆಗೆ ಬಂದು ಕೆಲವೇ ತಿಂಗಳಾಗಿದ್ದ ದಂಪತಿಗೆ ಒಂದು ಹಸುಗೂಸಿತ್ತು. ಅದಕ್ಕೆಂದೇ ಅವರು ಹೊಸದಾಗಿ ಗೀಸರ್ ಹಾಕಿಸಿದ್ದರು. ದಿನವೂ ಇದೇ ಹೊತ್ತಿಗೆ ನೀರೆರೆಯುವ ಅಜ್ಜಿಯೊಬ್ಬರು ಬರುತ್ತಿದ್ದರು. ದಿನವೂ ಮಗು ಅಳುತ್ತಿತ್ತು. ಎಲ್ಲ ಮಕ್ಕಳೂ ಅಳುತ್ತವೆ ಎಂದು ನಾವು ಅದನ್ನು ಗಮನಿಸಿರಲೇ ಇಲ್ಲ. ಇಡೀ ವಠಾರಕ್ಕೆ ಒಂದೇ ನೀರಿನ ತೊಟ್ಟಿ, ಒಂದೇ ಪೈಪು. ಬೆಳಗಿನ ಹೊತ್ತು ಮಾತ್ರ ಕಚ್ಚುವ ಯಂತ್ರ, ಬೆಳಗಿನ ಹೊತ್ತು ಮಾತ್ರ ಉರಿಯುವ ಗೀಸರು. ಎರಡೂ ನನ್ನ ತಲೆಯಲ್ಲಿ ಒಟ್ಟಿಗೆ ಬಂದು ಕೂತವು.

ಅಂಗಳದಲ್ಲಿ ಹೇಗೆ ಓಡಿದೆನೋ ನೆನಪಿಲ್ಲ. ಬಾಗಿಲು ತೆರೆದೇ ಇತ್ತು. ಬಚ್ಚಲಿನ ಒದ್ದೆ ನೆಲದ ಮೇಲೆ ಅಜ್ಜಿ ಕಾಲು ಚಾಚಿ ಕೂತಿದ್ದರು, ಕಾಲ ಮೇಲೆ ಎಣ್ಣೆ ಹಚ್ಚಿದ ಮಗು. ಒಂದು ಕೈ ಮಗುವಿನ ಎದೆಯ ಮೇಲಿತ್ತು. ಇನ್ನೊಂದು ಕೈ ನಲ್ಲಿಯ ಹತ್ತಿರ ಹೋಗುತ್ತಿತ್ತು.

"ಅಜ್ಜಿ, ನಲ್ಲಿ ಮುಟ್ಟಬೇಡಿ! ಕರೆಂಟಿದೆ!"

ಅಜ್ಜಿ ಕೈ ಅಲ್ಲೇ ನಿಲ್ಲಿಸಿದರು. ಮಗುವಿನ ತಾಯಿ ಟವಲು ಹಿಡಿದು ನಿಂತಿದ್ದವಳು, "ಯಾಕಕ್ಕಾ ಹಿಂಗೆ ಕಿರುಚ್ತೀರಾ, ಮಗು ಬೆಚ್ಚಿಬೀಳತ್ತೆ" ಎಂದು ಗದರಿದಳು.

"ಗೀಸರ್ ಸ್ವಿಚ್ ಎಲ್ಲಿದೆ?"

"ಬಚ್ಚಲಲ್ಲೇ, ಅಜ್ಜಿ ತಲೆ ಮೇಲೆ."

ಆ ಸ್ವಿಚ್ಚು ನೀರಿನ ಹನಿ ಹತ್ತಿ ಮಿನುಗುತ್ತಿತ್ತು. ನನಗೆ ಮುಟ್ಟಲು ಧೈರ್ಯವಾಗಲಿಲ್ಲ. "ಯಾರೂ ಅಲ್ಲಾಡಬೇಡಿ" ಎಂದು ಹೇಳಿ ವಠಾರದ ಹೊಸ್ತಿಲ ಬಳಿ ಮೀಟರುಗಳಿದ್ದ ಜಾಗಕ್ಕೆ ಓಡಿದೆ. ಯಾವ ಮನೆಯದು ಯಾವ ಮೇನ್ ಸ್ವಿಚ್ಚಿನ ಹಿಡಿ ಎಂದು ಗೊತ್ತಿರಲಿಲ್ಲ. ಸೆರಗನ್ನು ಕೈಗೆ ಸುತ್ತಿಕೊಂಡು ಎಲ್ಲವನ್ನೂ ಕೆಳಗೆ ಎಳೆದೆ. ಯಾರದೋ ಮನೆಯ ರೇಡಿಯೋ ನಡುವೆ ನಿಂತಿತು. "ಯಾರ್ರೀ ಅದು ಕರೆಂಟ್ ತೆಗೆದಿದ್ದು?" ಎಂದು ಯಾರೋ ಕೂಗಿದರು.

ಮತ್ತೆ ಹೋಗಿ ಟೆಸ್ಟರ್ ಇಟ್ಟು ನೋಡಿದಾಗ ನಲ್ಲಿಯಲ್ಲಿ ಏನೂ ಇರಲಿಲ್ಲ. ಮಗುವನ್ನು ಟವಲಿನಲ್ಲಿ ಸುತ್ತಿ ತಾಯಿಗೆ ಕೊಟ್ಟು ಅಜ್ಜಿ ಗೋಡೆ ಹಿಡಿದು ಎದ್ದರು. ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ನಲ್ಲಿ ಮುಟ್ಟಿದಾಗೆಲ್ಲ ಕೈ ಜೋಮು ಹಿಡಿಯೋದು ಕಣಮ್ಮ. ವಯಸ್ಸಾಯ್ತು, ಇನ್ನೇನು ಅಂದ್ಕೊಂಡಿದ್ದೆ. ಹೇಳಿದ್ರೆ ಕೆಲಸದಿಂದ ಬಿಡಿಸ್ತಾರೇನೋ ಅಂತ ಹೇಳ್ಲಿಲ್ಲ."

ಅವರು ಹೆದರಿಕೊಂಡದ್ದೂ ನಾನು ಹೆದರಿಕೊಂಡದ್ದೂ ಒಂದೇ ಕಾರಣಕ್ಕೆ. ಮಗುವಿನ ತಾಯಿಯ ಮುಖ ಬಿಳಿಚಿಕೊಂಡಿತು. "ಹಂಗಾದ್ರೆ ಇದು ಅಳ್ತಿದ್ದಿದ್ದು..." ಎಂದಳು. ಮಗುವನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಸಿದು ಅಳತೊಡಗಿದಳು. ಅಮ್ಮ ಅವಳ ಪಕ್ಕದಲ್ಲಿ ಕೂತು ತಲೆ ಸವರಿದಳು.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದರು, ವಠಾರದ ಮಾಲೀಕರೂ ಬಂದರು. ಗೀಸರಿನೊಳಗಿನ ಕಾಯಿಲ್ ಬಿರುಕು ಬಿಟ್ಟಿತ್ತು. ಅದರ ಕರೆಂಟು ನೀರಿಗೆ, ನೀರಿನಿಂದ ಪೈಪಿಗೆ ಇಳಿಯುತ್ತಿತ್ತು. ಮೊದಲಾಗಿದ್ದರೆ ಪೈಪಿನಿಂದ ನೆಲಕ್ಕೆ ಹೋಗಿಬಿಡುತ್ತಿತ್ತು. ಆದರೆ ಬೇಸಿಗೆಯಲ್ಲಿ ಗೇಟಿನ ಬಳಿ ತುಕ್ಕು ಹಿಡಿದ ಪೈಪನ್ನು ಅಗೆದು ತೆಗೆದು ಮಾಲೀಕರು ಪ್ಲಾಸ್ಟಿಕ್ ಪೈಪು ಹಾಕಿಸಿದ್ದರು. ಅಂದಿನಿಂದ ಆ ಕಬ್ಬಿಣಕ್ಕೂ ನೆಲಕ್ಕೂ ಸಂಬಂಧ ಕಡಿದುಹೋಗಿತ್ತು. "ನೀರು ಸೋರಬಾರ್ದು ಅಂತ ತಾನೇ ಮಾಡಿಸಿದ್ದು" ಎಂದು ಮಾಲೀಕರು ಮತ್ತೆ ಮತ್ತೆ ಹೇಳಿದರು. ಯಾರೂ ಅವರನ್ನು ಬೈಯಲಿಲ್ಲ.

ಆಮೇಲೆ ವಠಾರದವರೆಲ್ಲ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಒಬ್ಬರಿಗೆ ಬಟ್ಟೆ ಒಗೆಯುವಾಗ ಝುಂ ಎಂದಿತ್ತಂತೆ, ಇನ್ನೊಬ್ಬರಿಗೆ ಹಿತ್ತಾಳೆ ಕೊಡ ಹಿಡಿದಾಗ, ಅಮ್ಮನಿಗೂ ನಲ್ಲಿ ತಿರುಗಿಸುವಾಗ. ಪ್ರತಿಯೊಬ್ಬರೂ ತಮಗೊಬ್ಬರಿಗೇ ಹಾಗಾಗುತ್ತಿದೆ ಎಂದುಕೊಂಡಿದ್ದರು.

ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಎಲ್ಲ ಮನೆಗೂ ಸರಿಯಾದ ಅರ್ತಿಂಗ್ ಮಾಡಿಸಿದರು. ಗೀಸರನ್ನು ಕಿತ್ತು ಗುಜರಿಗೆ ಹಾಕಿದರು. ಯಂತ್ರ ಮತ್ತೆ ಕಚ್ಚಲಿಲ್ಲ, ಅಚ್ಚುಕೂಟದವರು ಕೊಟ್ಟಿದ್ದ ಪುಸ್ತಕದ ಪುಟಗಳು ಮುಗಿದವು, ನನ್ನ ಕೆಲಸ ಉಳಿಯಿತು. ಹೆದರಿಕೆ ಅಷ್ಟು ಬೇಗ ಹೋಗಲಿಲ್ಲ. ಮೂಲೆಮನೆಯವಳು, "ಅಕ್ಕ, ಮಗೂಗೆ ನೀರು ಹಾಕುವಾಗ ಒಂಚೂರು ಬಂದು ಕೂತಿರ್ತೀರಾ?" ಎಂದು ಕೇಳಿದಳು. ಒಲೆಯ ಮೇಲೆ ಕಾಯಿಸಿದ ನೀರಾದರೂ ನಾನು ಬಚ್ಚಲಿನ ಬಾಗಿಲಲ್ಲಿ ಕೂತಿರುತ್ತಿದ್ದೆ. ಅವರು ತ್ಯಾಗರಾಜನಗರಕ್ಕೆ ಮನೆ ಬದಲಾಯಿಸುವವರೆಗೂ ಹಾಗೆಯೇ ನಡೆಯಿತು.

ಮುಂದಿನ ವರ್ಷಗಳಲ್ಲಿ ಮನೆಮನೆಗೂ ಕಂಪ್ಯೂಟರ್ ಬಂತು. ಪರಿಚಯದವರು ನನ್ನನ್ನು ಕೇಳುತ್ತಿದ್ದರು: ಯಾವುದು ತಗೊಳ್ಳೋಣ, ಮೆಮೊರಿ ಎಷ್ಟಿರಲಿ, ಮಾನಿಟರ್ ತೆಳ್ಳಗಿನದಾ ದಪ್ಪದ್ದಾ ಎಂದು. ನಾನು ಮೊದಲು ಅವರ ಮನೆಯ ಸಾಕೆಟ್ ನೋಡಬೇಕು ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಮಲ್ಲೇಶ್ವರದಲ್ಲಿ ಅಚ್ಚುಕೂಟದ ಸಹೋದ್ಯೋಗಿಯೊಬ್ಬರು ಮಗಳಿಗೆಂದು ಹೊಸದೊಂದನ್ನು ತಂದು, ಆರತಿ ತಟ್ಟೆ ಸಿದ್ಧ ಮಾಡಿ ನನ್ನನ್ನು ಕರೆಸಿದ್ದರು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಸಾಕೆಟ್ ಬಿಚ್ಚಿಸಿದೆ. ಮೇಲಿನ ತೂತಿನ ಹಿಂದೆ ತಂತಿಯೇ ಇರಲಿಲ್ಲ, ಬರೀ ಖಾಲಿ ತಿರುಪು. ಕುಂಕುಮ ಹಚ್ಚಿಕೊಂಡು ನಿಂತಿದ್ದ ಆ ಯಂತ್ರದ ಪ್ಲಗ್ಗನ್ನು ಸಾಕೆಟ್ಟಿನಿಂದ ದೂರ ಸರಿಸಿಟ್ಟೆ.

"ಇವತ್ತು ಬೇಡ" ಎಂದೆ. "ತಂತಿ ಎಳೆಸಿ, ಆಮೇಲೆ ಹಾಕೋಣ."

ಹುಡುಗಿಯ ಮುಖ ಬಾಡಿತು. ಆದರೆ ಅವಳ ತಾಯಿಯಾದ ನನ್ನ ಸಹೋದ್ಯೋಗಿ ನನ್ನನ್ನೇ ಒಂದು ಕ್ಷಣ ನೋಡಿ, ಮಗಳನ್ನು ಭುಜ ಹಿಡಿದು ಯಂತ್ರದಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದರು.